ಮನೋರೋಗಿಗಳ ಮಕ್ಕಳ ಗತಿಯೇನು?

ಗೃಹಸ್ಥನೊಬ್ಬನು ಜ್ವರದಿಂದ ಮಲಗಿದರೆ ನೆರೆಹೊರೆಯವರು ಗಂಜಿ ಕಾಯಿಸಿ ತರುತ್ತಾರೆ. ಅವನ ಮಕ್ಕಳನ್ನು ಕರೆದೊಯ್ದು ಉಣ್ಣಿಸುತ್ತಾರೆ. ಅದೇ ಮನೆಯ ತಾಯಿಗೆ ಚಿತ್ತವಿಕಾರವುಂಟಾದರೆ ಮನೆಯ ಬಾಗಿಲು ಮುಚ್ಚುತ್ತದೆ, ಬೀದಿಯ ಬಾಯಿ ತೆರೆಯುತ್ತದೆ. ಒಳಗೆ ಹತ್ತು ವರ್ಷದ ಹುಡುಗಿ ಒಲೆ ಹಚ್ಚಿ, ತಮ್ಮನಿಗೆ ಬಡಿಸಿ, ತಾಯಿಗೆ ಗುಳಿಗೆ ನುಂಗಿಸಿ, ತಡವಾಗಿ ಶಾಲೆಗೆ ಹೋಗಿ ಉಪಾಧ್ಯಾಯರಿಂದ ಗದರಿಸಿಕೊಳ್ಳುತ್ತಾಳೆ. ಆಸ್ಪತ್ರೆಯ ಕಡತದಲ್ಲಿ ತಾಯಿಯ ಹೆಸರಿರುತ್ತದೆ; ಈ ಹುಡುಗಿಯ ಯೋಗಕ್ಷೇಮವನ್ನು ವಿಚಾರಿಸುವವರು ಯಾರು?

ಇವರು ಬೆರಳೆಣಿಕೆಯ ಮಕ್ಕಳಲ್ಲ. ೨೦೧೫-೧೬ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ೧೦ಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ಮನೋವ್ಯಾಧಿಯಿದ್ದುದು ಕಂಡುಬಂದಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅವರಲ್ಲಿ ಎಷ್ಟೋ ಜನ ತಾಯಿತಂದೆಗಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಕಾನೂನು ಕೂಸುಗಳನ್ನು ಮರೆತಿಲ್ಲ. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ, ಚಿಕಿತ್ಸಾಲಯದಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದು. ಅಪಾಯವುಂಟೆಂದು ಅಗಲಿಸಿದರೂ ಆ ನಿರ್ಣಯವನ್ನು ೧೫ ದಿನಗಳಿಗೊಮ್ಮೆ ಪುನರ್ವಿಮರ್ಶಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೦೯ರಲ್ಲಿಯೇ ತಾಯಿ-ಮಗುವಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಇವೆರಡೂ ಶ್ಲಾಘ್ಯವೇ. ಆದರೆ ಮೂರು ವರ್ಷ ತುಂಬಿದ ಮಗುವಿಗೆ ಕಾಯಿದೆಯ ಈ ಆಸರೆಯಿಲ್ಲ. ನಾರ್ವೆ ದೇಶದಲ್ಲಾದರೋ, ರೋಗಿಗೆ ಅಪ್ರಾಪ್ತವಯಸ್ಕ ಮಕ್ಕಳಿದ್ದರೆ ಅವರ ಅಗತ್ಯಗಳನ್ನು ವಿಚಾರಿಸುವುದು ಚಿಕಿತ್ಸಕರ ಕರ್ತವ್ಯವೆಂದು ೨೦೧೦ರಿಂದ ಕಾನೂನೇ ವಿಧಿಸಿದೆ.

ಇಂಥ ಮಕ್ಕಳಿಗೆ ಅನ್ನದಷ್ಟೇ ಅಗತ್ಯವಾದುದು ಸತ್ಯ. ಯಾರೂ ಏನನ್ನೂ ಹೇಳದಿದ್ದರೆ, ತನ್ನ ತುಂಟತನದಿಂದಲೇ ಅಮ್ಮನಿಗೆ ಹೀಗಾಯಿತೆಂದು ಮಗು ತನ್ನೊಳಗೇ ತೀರ್ಮಾನಿಸಿಕೊಳ್ಳುತ್ತದೆ. ಇದೊಂದು ರೋಗ, ನಿನ್ನ ತಪ್ಪಿನಿಂದ ಬಂದುದಲ್ಲ, ಗುಣಪಡಿಸುವ ಹೊಣೆಯೂ ನಿನ್ನದಲ್ಲ ಎಂದು ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಸಬೇಕು. ಬೆಳೆದ ಮಕ್ಕಳನ್ನು ಕಾಡುವುದು ವಂಶದ ಭಯ. ತಾಯಿತಂದೆಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯಾ ಇದ್ದರೆ, ಅಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು ೧೦ ಮಂದಿಗೆ ಅದು ಬರಬಹುದು. ಉಳಿದ ಸುಮಾರು ೯೦ ಮಂದಿಗೆ ಬರುವುದಿಲ್ಲ. ವಧೂವರರ ಕುಲಗೋತ್ರಗಳನ್ನು ಕೆದಕುವ ಹಿರಿಯರು ಈ ಲೆಕ್ಕವನ್ನೂ ಅರಿತಿರುವುದೊಳ್ಳೆಯದು.

ಸರ್ಕಾರದವರಲ್ಲಿ ನಮ್ಮ ಬಿನ್ನಹ ಇಷ್ಟೆ: ಮನೋರೋಗ ಚಿಕಿತ್ಸೆ ನಡೆಯುವ ಪ್ರತಿ ಆಸ್ಪತ್ರೆಯಲ್ಲಿಯೂ ರೋಗಿಗೆ ಮಕ್ಕಳಿರುವರೇ, ಈಗ ಅವರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ ಬರೆದುಕೊಳ್ಳುವ ಕ್ರಮ ಕಡ್ಡಾಯವಾಗಲಿ. ಮಕ್ಕಳನ್ನು ಕಸಿದುಕೊಳ್ಳುವುದು ಇದರ ಉದ್ದೇಶವಾಗಕೂಡದು. ಆ ಭಯವಿರುವವರೆಗೆ ಯಾವ ತಾಯಿಯೂ ವೈದ್ಯರ ಬಳಿಗೆ ಧೈರ್ಯವಾಗಿ ಬರಲಾರಳು. ಚಿಕಿತ್ಸೆ ಮತ್ತು ಬಂಧುಗಳ ಆಸರೆ ದೊರೆತರೆ ಆಕೆಯೇ ಮಕ್ಕಳನ್ನು ಚೆನ್ನಾಗಿ ಸಾಕಬಲ್ಲಳು.

ಮಹಾಜನರ ಪಾಲಿನ ಕೆಲಸವೂ ಉಂಟು. ತಡವಾಗಿ ಬಂದ ಹುಡುಗಿಯನ್ನು ಉಪಾಧ್ಯಾಯರು ಗದರಿಸುವ ಮೊದಲು ಕಾರಣ ಕೇಳಲಿ. ಸೋದರಮಾವನೋ ಚಿಕ್ಕಮ್ಮನೋ ವಾರಕ್ಕೊಮ್ಮೆಯಾದರೂ ಹೋಗಿಬರಲಿ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬, ಮಕ್ಕಳ ಸಹಾಯವಾಣಿಯ ೧೦೯೮ - ಈ ಎರಡು ದೂರವಾಣಿ ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲಿರಲಿ. ಜ್ವರದ ಮನೆಗೆ ಗಂಜಿ ಒಯ್ಯುವ ಕೈ ಈ ಮನೆಯ ಬಾಗಿಲನ್ನೂ ತಟ್ಟಬೇಕು.