ಗಾಯ ಒಣಗಿದರೆ ಸಾಲದು

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೊರಟ ಬಸ್ಸು ಪುಣಜನೂರು ದಾಟಿದರೆ ಮುಂದೆ ಕಾಡೇ ಕಾಡು. ಇಂಥ ಕಾಡಂಚಿನ ಊರುಗಳಲ್ಲಿ ಬಾಯಿಹುಣ್ಣಿಗೆ ಯಾರೂ ಹೆದರುವುದಿಲ್ಲ. ಉಷ್ಣವೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಆದರೆ ಹುಣ್ಣು ತಿಂಗಳಾದರೂ ಮಾಯದೆ, ಮೈಮೇಲೆ ನೀರುಗುಳ್ಳೆಗಳೆದ್ದು ಒಡೆದು ಚರ್ಮ ಸುಲಿಯತೊಡಗಿದರೆ ಅದು ಪೆಂಫಿಗಸ್ ಇರಬಹುದು.

ಇದು ಅಪರೂಪದ, ಹಟಮಾರಿ ಕಾಯಿಲೆ. ರೋಗಾಣುಗಳೊಡನೆ ಹೋರಾಡಬೇಕಾದ ಪ್ರತಿಕಾಯಗಳು ದಾರಿ ತಪ್ಪಿ, ಚರ್ಮದ ಜೀವಕೋಶಗಳನ್ನು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆಯೇ ಎರಗುತ್ತವೆ. ಗಾರೆ ಕಳಚಿದ ಇಟ್ಟಿಗೆಗಳಂತೆ ಕೋಶಗಳು ಬಿಡಿಬಿಡಿಯಾಗಿ, ನಡುವೆ ನೀರು ತುಂಬುತ್ತದೆ. ಇದು ಅಂಟುರೋಗವಲ್ಲ, ಸರ್ಪದೋಷವೂ ಅಲ್ಲ. ತಾಯಿಗೆ ಈ ರೋಗವಿದ್ದರೆ ಮಕ್ಕಳು ಆಕೆಯ ಪಕ್ಕದಲ್ಲೇ ಕುಳಿತು ಉಣ್ಣಬಹುದು.

1950ರ ಸುಮಾರಿಗೆ ಸ್ಟೀರಾಯ್ಡ್ ಬರುವ ಮುನ್ನ ಬಹುತೇಕ ರೋಗಿಗಳು ಉಳಿಯುತ್ತಿರಲಿಲ್ಲ. ಬಂದ ಮೇಲೆ ಜೀವ ಉಳಿಯಿತು. ಆದರೆ ದಿನವೂ ಹೆಚ್ಚಿನ ಪ್ರಮಾಣದಲ್ಲಿ ಅದನ್ನು ನುಂಗಿದವರಿಗೆ ಸಕ್ಕರೆ ಕಾಯಿಲೆ, ಮೂಳೆಸವೆತ, ಸೋಂಕುಗಳು ಕಾಡಿದವು. ಇದಕ್ಕೊಂದು ದಾರಿ ತೋರಿದವರು ನಮ್ಮ ದೇಶದ ವೈದ್ಯರೇ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಡಾ. ಜೆ.ಎಸ್. ಪಸ್ರಿಚಾ ಮತ್ತು ಡಾ. ರಾಮ್‌ಜಿ ಗುಪ್ತ 1984ರಲ್ಲಿ ‘ಪಲ್ಸ್ ಚಿಕಿತ್ಸೆ’ಯನ್ನು ಪ್ರಕಟಿಸಿದರು. 28 ದಿನಗಳಿಗೊಮ್ಮೆ, ಸತತ ಮೂರು ದಿನ 100 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಡ್ರಿಪ್. ಅವುಗಳಲ್ಲಿ ಒಂದು ದಿನ ಅದರೊಂದಿಗೆ 500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್. ಉಳಿದ ದಿನಗಳಲ್ಲಿ ಅದೇ ಔಷಧಿಯ 50 ಮಿಲಿಗ್ರಾಂ ಮಾತ್ರೆ. ಇಂದು ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದೂ ಇದೆ. ಅಮೆರಿಕದಲ್ಲಿ 2018ರಲ್ಲಿ ಈ ರೋಗಕ್ಕೆ ಅದು ಮಾನ್ಯತೆ ಪಡೆಯಿತು. ಯಾರಿಗೆ ಯಾವುದು ಸರಿ ಎಂಬುದನ್ನು ಚರ್ಮರೋಗ ತಜ್ಞರೇ ನಿರ್ಧರಿಸಬೇಕು. ಸೈಕ್ಲೋಫಾಸ್ಫಮೈಡ್ ಸಂತಾನಶಕ್ತಿಗೆ ಧಕ್ಕೆ ತರಬಲ್ಲದಾದ್ದರಿಂದ ಚಿಕ್ಕ ವಯಸ್ಸಿನವರು ಮೊದಲೇ ಈ ಮಾತು ಕೇಳಿ ತಿಳಿಯಬೇಕು.

ನಿಜವಾದ ಪರೀಕ್ಷೆ ಗಾಯ ಒಣಗಿದ ಮೇಲೆ. ಪಲ್ಸ್ ಪದ್ಧತಿಯಲ್ಲಿ ಚರ್ಮ ಸ್ವಚ್ಛವಾದ ಬಳಿಕವೂ ತಿಂಗಳಿಗೊಂದರಂತೆ ಒಂಬತ್ತು ಸುತ್ತು ಡ್ರಿಪ್, ಅನಂತರ ಒಂಬತ್ತು ತಿಂಗಳು ಮಾತ್ರೆ ಇರುವುದು ರೂಢಿ. ಮೈ ಚೆನ್ನಾಗಿರುವಾಗ ಕೂಲಿ ಬಿಟ್ಟು, ಬಸ್ಸು ಹಿಡಿದು, ಆನೆ ರಸ್ತೆಗಿಳಿಯುವ ಮೊದಲೇ ಮನೆ ಸೇರುವ ಧಾವಂತ ಯಾರಿಗೆ ಬೇಕು? ಹಾಗೆಂದು ನಡುವೆ ಬಿಟ್ಟರೆ ಗುಳ್ಳೆಗಳು ಮರಳುತ್ತವೆ. ದಿನವೂ ನುಂಗುವ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. 2016ರಲ್ಲಿ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ್ದರಿಂದ ಈ ಭಾಗದವರಿಗೆ ದಾರಿ ಕೊಂಚ ಹತ್ತಿರವಾಗಿದೆ.

ಓದು ಬಲ್ಲ ಮಕ್ಕಳು ಇಲ್ಲಿ ದೊಡ್ಡ ಕೆಲಸ ಮಾಡಬಲ್ಲರು. ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟನೆಯ ದಿನಕ್ಕೊಂದು ಗುರುತು ಹಾಕಿ, ಆ ದಿನ ಅಪ್ಪನನ್ನೋ ಅವ್ವನನ್ನೋ ಬಸ್ಸು ಹತ್ತಿಸಿದರೆ ಅರ್ಧ ಚಿಕಿತ್ಸೆ ಮಾಡಿದಂತೆಯೇ.