ನಿಮಗಿದು ಗೊತ್ತೆ? ಸಾಲ ಎಷ್ಟೇ ಇರಲಿ, ಕಂತು ಸಂಬಳಕ್ಕೆ ತಕ್ಕಷ್ಟೇ!

ಇಂಗ್ಲೆಂಡಿನಲ್ಲಿ ಪದವಿ ಓದಲು ಪಡೆದ ಸರ್ಕಾರಿ ಸಾಲದ ಕಂತು ಸಾಲದ ಮೊತ್ತವನ್ನು ನೋಡುವುದಿಲ್ಲ, ಸಂಬಳವನ್ನು ನೋಡುತ್ತದೆ. 2023ರ ಆಗಸ್ಟ್‌ನಿಂದ ಪದವಿಗೆ ಸೇರಿದವರಿಗೆ ಅನ್ವಯಿಸುವ ನಿಯಮದಲ್ಲಿ ಗಳಿಕೆಯ ಮಿತಿ ವರ್ಷಕ್ಕೆ 25,000 ಪೌಂಡ್. ಅದನ್ನು ದಾಟುವವರೆಗೆ ಬಿಡಿಗಾಸೂ ಕಟ್ಟಬೇಕಿಲ್ಲ. ದಾಟಿದರೆ, ಮಿತಿಗಿಂತ ಹೆಚ್ಚಿನ ಗಳಿಕೆಯ ಶೇ 9ರಷ್ಟು ಮಾತ್ರ ಕಟ್ಟಬೇಕು. 30,000 ಪೌಂಡ್ ಸಂಬಳಕ್ಕೆ ವರ್ಷಕ್ಕೆ 450 ಪೌಂಡ್. ಸಾಲ 20,000 ಇರಲಿ, 50,000 ಇರಲಿ, ಕಂತು ಅಷ್ಟೇ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. 40 ವರ್ಷಗಳ ಬಳಿಕ ಉಳಿದದ್ದೆಲ್ಲ ಮನ್ನಾ.

ಹಾಗಾದರೆ ಇದು ಪುಕ್ಕಟೆ ಓದೇ? ಅಲ್ಲ. ಹಣದುಬ್ಬರಕ್ಕೆ ತಕ್ಕಂತೆ ಬಡ್ಡಿ ಸೇರುತ್ತದೆ. ಮಧ್ಯಮ ಸಂಬಳದವರು ದಶಕಗಳ ಕಾಲ ಕಟ್ಟುತ್ತಾರೆ, ದೊಡ್ಡ ಸಂಬಳದವರು ಬೇಗ ತೀರಿಸಿ ಬಡ್ಡಿಯಿಂದ ಪಾರಾಗುತ್ತಾರೆ. ಈ ಕೊರತೆ ನಿಜ, ಆದರೂ ವ್ಯವಸ್ಥೆಯ ತಿರುಳು ನ್ಯಾಯವಾದದ್ದು. ಪದವಿ ಮುಂದೆ ಎಷ್ಟು ತಂದುಕೊಡುತ್ತದೆಂದು ಹದಿನೆಂಟರ ವಯಸ್ಸಿನಲ್ಲಿ ಯಾರಿಗೂ ತಿಳಿಯದು. ವೈದ್ಯಕೀಯ, ಅರ್ಥಶಾಸ್ತ್ರ ಓದಿದವರು ಸರಾಸರಿಯಲ್ಲಿ ಚೆನ್ನಾಗಿ ಗಳಿಸುತ್ತಾರೆ. ಕಲೆ ಓದಿದ ಹಲವರಿಗೆ ಆ ಲಾಭ ಸಿಗುವುದಿಲ್ಲ. ಈ ಅನಿಶ್ಚಿತತೆಯನ್ನು ವಿದ್ಯಾರ್ಥಿಯೊಬ್ಬನ ತಲೆಗೇ ಕಟ್ಟುವುದು ತಪ್ಪು. ಮನ್ನಾ ಆದ ಸಾಲದ ಹೊರೆಯನ್ನು ತೆರಿಗೆದಾರರು ಏಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಆದರೆ ಶಿಕ್ಷಕರ, ದಾದಿಯರ ಓದಿನ ಬೆಲೆ ಅವರ ಸಂಬಳದ ಚೀಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಅದರ ದೊಡ್ಡ ಪಾಲು ಸಮಾಜಕ್ಕೇ ಸಲ್ಲುತ್ತದೆ. ಲಾಭ ಪಡೆಯುವ ಸಮಾಜ ನಷ್ಟದಲ್ಲೂ ಹೆಗಲು ಕೊಡಬೇಕು.