‘ಚಾಲಿ’ ಹೋಗಿ ‘ಚಾಳಿ’ ಆದಾಗ: ಖರೀದಿ ಆ್ಯಪ್‌ಗೆ ಡ್ರಾಪ್‌ಡೌನ್ ಹಾಕಿದ ಅನುಭವ

ಕಳೆದ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ಹಿರಿಯ ಬೆಳೆಗಾರರೊಬ್ಬರು ನಮ್ಮ ಖರೀದಿ ಕೇಂದ್ರಕ್ಕೆ ಬಂದು ನನ್ನೆದುರು ಕೂತರು. "ಎಂತದು ತಮ್ಮಾ, ಚಾಲಿ ಕೊಟ್ಟು ಮೂರು ವಾರ ಆಯ್ತು. ಎಲ್ಲರಿಗೂ ದುಡ್ಡು ಬಂತು, ನನಗೆ ಮಾತ್ರ ಬರ್ಲಿಲ್ಲ. ಸೊಸೈಟಿ ಕಂತು ಕಟ್ಟೂದಿತ್ತು" ಅಂದರು. ಚೀಟಿ ಅವರ ಕೈಯಲ್ಲೇ ಇತ್ತು. ತೂಕ ಸರಿ, ತಾರೀಖು ಸರಿ. ನಮ್ಮ ಪಾವತಿ ಪಟ್ಟಿಯಲ್ಲಿ ಮಾತ್ರ ಅವರ ಹೆಸರೇ ಇಲ್ಲ.

ಅರ್ಧ ಗಂಟೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ತೂಕದ ಹುಡುಗ ಮೊಬೈಲ್‌ನಲ್ಲಿ ‘ಚಾಲಿ’ ಅನ್ನುವ ಬದಲು ‘ಚಾಳಿ’ ಎಂದು ಒತ್ತಿದ್ದ. ನಮ್ಮ ದರಪಟ್ಟಿಯಲ್ಲಿ ಚಾಲಿಗೆ ದರ ಇದೆ, ಚಾಳಿಗೆ ಎಲ್ಲಿದೆ? ದರ ಸಿಗದ ಸಾಲಿಗೆ ಮೊತ್ತ ಬರಲಿಲ್ಲ, ಮೊತ್ತ ಇಲ್ಲದ ಸಾಲು ಬ್ಯಾಂಕಿನ ಪಟ್ಟಿಗೆ ಹೋಗಲಿಲ್ಲ. ಒಂದು ಅಕ್ಷರದಿಂದ ಒಬ್ಬರ ಕಂತು ತಪ್ಪಿತು. ಅವತ್ತೇ ದುಡ್ಡು ಹಾಕಿದೆವು, ಕ್ಷಮೆಯನ್ನೂ ಕೇಳಿದೆವು. ಆದರೆ ಹುಡುಗನನ್ನು ಬೈದು ಪ್ರಯೋಜನ ಇರಲಿಲ್ಲ. ತಪ್ಪು ಬರೆಯಲು ಜಾಗ ಬಿಟ್ಟವನು ಆ್ಯಪ್ ಕಟ್ಟಿದ ನಾನೇ.

ರೈತ ಉತ್ಪಾದಕ ಕಂಪನಿ, ಸ್ವಸಹಾಯ ಸಂಘ, ನರ್ಸರಿ, ಹಾಲಿನ ಡೇರಿ ಹೀಗೆ ಎಲ್ಲೆಡೆ ಈಗ ಮೊಬೈಲ್‌ನಲ್ಲೇ ಲೆಕ್ಕ ಬರೆಯುವ ಕಾಲ. ನಾವು ಬಳಸುವುದು ಗೂಗಲ್‌ನ ಆ್ಯಪ್‌ಶೀಟ್. ಇದೊಂದು ಲೋ-ಕೋಡ್ ಸಾಧನ, ಅಂದರೆ ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಗೂಗಲ್ ಶೀಟ್‌ನ ಲೆಕ್ಕದ ಹಾಳೆಯನ್ನು ಮೊಬೈಲ್ ಆ್ಯಪ್ ಮಾಡಿಕೊಳ್ಳಬಹುದು. ಕಟ್ಟಿ ಪ್ರಯೋಗ ಮಾಡಿ ನೋಡಲು ಹಣ ಬೇಡ. ನಿತ್ಯ ಬಳಕೆಗೆ ತಂದಾಗ ಬಳಸುವವರ ಲೆಕ್ಕದಲ್ಲಿ ಶುಲ್ಕ ಇದೆ.

ಮೊದಲು ಹಳೆಯ ಕಸ ಗುಡಿಸಿ

ಡ್ರಾಪ್‌ಡೌನ್ ಅಂದರೆ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವುದು. ಹಾಕುವುದು ಸುಲಭ. ಪಟ್ಟಿಯಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದೇ ಕಷ್ಟ. ಶೀಟ್‌ನಲ್ಲಿ ‘ಯುನೀಕ್’ ಸೂತ್ರ ಹಾಕಿ ನೋಡಿದೆ. ಅದು ಒಂದು ಕಾಲಂನಲ್ಲಿರುವ ಬೇರೆಬೇರೆ ಪದಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಬಿಳೆಗೋಟು, ಬಿಳಿಗೋಟು, ಬಿಳೇಗೋಟು, ಇಂಗ್ಲಿಷಿನಲ್ಲಿ ಬರೆದದ್ದು ಒಂದು, ಕೊನೆಯಲ್ಲಿ ಖಾಲಿ ಜಾಗ ಸೇರಿದ್ದು ಇನ್ನೊಂದು. ನಮಗೆ ಎಲ್ಲವೂ ಒಂದೇ, ಕಂಪ್ಯೂಟರಿಗೆ ಐದು ಬೇರೆ ಮಾಲು. ಖಾಲಿ ಜಾಗಗಳನ್ನು ತೆಗೆಯಲು ಶೀಟ್‌ನ ಡೇಟಾ ಮೆನುವಿನಲ್ಲಿ ‘ಟ್ರಿಮ್ ವೈಟ್‌ಸ್ಪೇಸ್’ ಇದೆ. ಉಳಿದದ್ದನ್ನು ಹುಡುಕಿ-ಬದಲಿಸಿ ಸರಿ ಮಾಡಿದೆ.

ಆಮೇಲೆ ತೂಕದವರು, ದರ್ಜೆ ಮಾಡುವವರು, ಲೆಕ್ಕದವರು ಒಟ್ಟಿಗೆ ಕೂತು ಹೆಸರು ಗಟ್ಟಿ ಮಾಡಿದೆವು: ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ. ಮಾರುಕಟ್ಟೆಯಲ್ಲಿ ಕರೆಯುವ ಹೆಸರೇ ಇರಲಿ, ಹೊಸದು ಹುಟ್ಟಿಸಬೇಡಿ.

ಮೂರು ಬಗೆಯ ಪಟ್ಟಿ

ಒಂದು: ಎಂದೂ ಬದಲಾಗದ, ನಾಲ್ಕೈದು ಆಯ್ಕೆಯ ಪಟ್ಟಿ. ಉದಾಹರಣೆಗೆ ಪಾವತಿ ವಿಧ: ನಗದು, ಬ್ಯಾಂಕ್, ಚೆಕ್. ಆ್ಯಪ್‌ಶೀಟ್ ಎಡಿಟರ್‌ನಲ್ಲಿ ಆ ಕಾಲಂನ ಟೈಪ್ ಅನ್ನು ‘ಎನಮ್’ ಮಾಡಿ, ಆಯ್ಕೆಗಳನ್ನು ಅಲ್ಲೇ ಸೇರಿಸಿ. ‘ಅಲೋ ಅದರ್ ವ್ಯಾಲ್ಯೂಸ್’ ಎಂಬುದನ್ನು ಆಫ್ ಇಡಿ. ಅದು ಆನ್ ಇದ್ದರೆ ಯಾರು ಬೇಕಾದರೂ ಹೊಸ ಪದ ಸೇರಿಸಬಹುದು, ಆಗ ಮತ್ತೆ ಹಳೆಯ ಕಥೆಯೇ. ಆಯ್ಕೆ ಮೂರು ನಾಲ್ಕೇ ಇದ್ದರೆ ಡ್ರಾಪ್‌ಡೌನ್ ಬದಲು ‘ಬಟನ್ಸ್’ ಆರಿಸಿ. ತೂಕದ ಗಡಿಬಿಡಿಯಲ್ಲಿ ಒಂದೇ ಒತ್ತು ಸಾಕು.

ಎರಡು: ಬದಲಾಗುವ, ಒಂದರ ಮೇಲೆ ಒಂದು ನಿಂತಿರುವ ಪಟ್ಟಿ. ನಾವು ಅಡಿಕೆಯ ಜೊತೆ ಕಾಳುಮೆಣಸನ್ನೂ ಕೊಳ್ಳುತ್ತೇವೆ. ಮೆಣಸು ಆರಿಸಿದವರಿಗೆ ಚಾಲಿ, ಬೆಟ್ಟೆ ಕಾಣಬಾರದು. ಇದಕ್ಕೆ ಶೀಟ್‌ನಲ್ಲಿ ‘ಮಾಲು ಪಟ್ಟಿ’ ಎಂಬ ಬೇರೆ ಹಾಳೆ ಮಾಡಿ, ಎರಡು ಕಾಲಂ ಇಟ್ಟೆ: ಬೆಳೆ, ದರ್ಜೆ. ಪ್ರತಿ ಸಾಲಿನಲ್ಲಿ ಒಂದು ಜೋಡಿ: ಅಡಿಕೆ–ಚಾಲಿ, ಅಡಿಕೆ–ರಾಶಿ, ಮೆಣಸು–ಗಾರ್ಬಲ್ಡ್, ಹೀಗೆ. ಆ ಹಾಳೆಯನ್ನೂ ಆ್ಯಪ್‌ಗೆ ಸೇರಿಸಬೇಕು. ನಂತರ ಖರೀದಿ ಫಾರಂನ ಬೆಳೆ ಕಾಲಂನ ‘ವ್ಯಾಲಿಡ್ ಇಫ್’ ಜಾಗದಲ್ಲಿ ಹಾಳೆಯ ಹೆಸರು, ಅದಕ್ಕೆ ಅಂಟಿಕೊಂಡು ಚೌಕ ಆವರಣದೊಳಗೆ ಬೆಳೆ ಕಾಲಂನ ಹೆಸರು ಬರೆಯಬೇಕು. ದರ್ಜೆಗೂ ಹೀಗೆಯೇ, ಅದೇ ಹಾಳೆಯ ದರ್ಜೆ ಕಾಲಂ. ಫಾರಂನಲ್ಲಿ ಬೆಳೆ ಮೊದಲು, ದರ್ಜೆ ನಂತರ ಬರಲಿ. ಎರಡೂ ಒಂದೇ ಹಾಳೆಯಿಂದ ಬಂದಾಗ ಆ್ಯಪ್‌ಶೀಟ್ ಸಂಬಂಧವನ್ನು ತಾನೇ ಗುರುತಿಸಿ, ಬೆಳೆಗೆ ತಕ್ಕ ದರ್ಜೆ ಮಾತ್ರ ತೋರಿಸುತ್ತದೆ. ಹೊಸ ದರ್ಜೆ ಬಂದರೆ ಹಾಳೆಯಲ್ಲಿ ಒಂದು ಸಾಲು ಸೇರಿಸಿದರಾಯ್ತು, ಆ್ಯಪ್ ಬಿಚ್ಚಬೇಕಿಲ್ಲ.

ಮೂರು: ಜನರ ಪಟ್ಟಿ. ಇದರಲ್ಲಿ ಎಚ್ಚರ ಹೆಚ್ಚು ಬೇಕು. ನಮ್ಮ ಸದಸ್ಯರಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಇದ್ದಾರೆ. ಬರೀ ಹೆಸರಿನ ಡ್ರಾಪ್‌ಡೌನ್ ಹಾಕಿದರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗಬಹುದು. ಅದಕ್ಕೇ ಸದಸ್ಯರದ್ದೇ ಬೇರೆ ಹಾಳೆ ಮಾಡಿ, ಸದಸ್ಯ ಸಂಖ್ಯೆಯನ್ನು ‘ಕೀ’ ಮಾಡಿದೆ. ಹೆಸರು, ತಂದೆಯ ಹೆಸರು, ಊರು ಮೂರನ್ನೂ ಜೋಡಿಸಿದ ಒಂದು ಕಾಲಂ ಮಾಡಿ ಅದನ್ನು ‘ಲೇಬಲ್’ ಮಾಡಿದೆ. ಖರೀದಿ ಫಾರಂನಲ್ಲಿ ಸದಸ್ಯ ಕಾಲಂನ ಟೈಪ್ ‘ರೆಫ್’. ಆರಿಸುವವರಿಗೆ ಪೂರ್ತಿ ಗುರುತು ಕಾಣುತ್ತದೆ, ಲೆಕ್ಕದಲ್ಲಿ ಉಳಿಯುವುದು ಸಂಖ್ಯೆ. ನಾಳೆ ಹೆಸರಿನ ಕಾಗುಣಿತ ತಿದ್ದಿದರೂ ಹಳೆಯ ಲೆಕ್ಕ ಕೆಡುವುದಿಲ್ಲ.

ನಾನು ಎಡವಿದ ಜಾಗಗಳು

ಮೊದಲ ವಾರ ದರ್ಜೆಗೆ ‘ಇನಿಶಿಯಲ್ ವ್ಯಾಲ್ಯೂ’ ಆಗಿ ರಾಶಿ ಹಾಕಿದ್ದೆ, ಕೆಲಸ ಹಗುರಾಗಲಿ ಎಂದು. ಗಡಿಬಿಡಿಯಲ್ಲಿ ಯಾರೂ ಬದಲಿಸಲಿಲ್ಲ, ಚಾಲಿಯೂ ರಾಶಿ ಆಯ್ತು. ಕಾಗುಣಿತ ತಪ್ಪಾದರೆ ಲೆಕ್ಕ ಎಲ್ಲೋ ನಿಲ್ಲುತ್ತದೆ, ಗೊತ್ತಾಗುತ್ತದೆ. ಆಯ್ಕೆ ತಪ್ಪಾದರೆ ಲೆಕ್ಕ ಸರಾಗ ಓಡಿ ತಪ್ಪು ದುಡ್ಡು ಹಾಕುತ್ತದೆ. ತಾರೀಖಿಗೆ ಮಾತ್ರ ಇವತ್ತಿನ ದಿನ ತಾನೇ ಬರಲಿ. ದರ್ಜೆ, ಸದಸ್ಯ ಎರಡನ್ನೂ ಖಾಲಿ ಬಿಟ್ಟು ‘ರಿಕ್ವೈರ್ಡ್’ ಮಾಡಿ, ಆರಿಸದೆ ಮುಂದೆ ಹೋಗಲಾಗದು.

ಪಟ್ಟಿಯಲ್ಲಿ ಹೆಸರು ತಿದ್ದಿದರೆ ಹಳೆಯ ಸಾಲುಗಳಲ್ಲಿ ತಾನಾಗಿ ತಿದ್ದುಪಡಿ ಆಗುವುದಿಲ್ಲ. ರೆಫ್ ಅಲ್ಲದ ಪಟ್ಟಿಗಳಲ್ಲಿ ಹಳೆಯ ಸಾಲುಗಳನ್ನು ನಾವೇ ಬದಲಿಸಬೇಕು. ಹಂಗಾಮಿನ ನಡುವೆ ಹೆಸರು ಬದಲಿಸದಿರುವುದೇ ಲೇಸು.

ನೆಟ್‌ವರ್ಕ್ ಇಲ್ಲದಾಗಲೂ ಫಾರಂ ತುಂಬಬಹುದು, ಸಿಗ್ನಲ್ ಸಿಕ್ಕಾಗ ‘ಸಿಂಕ್’ ಆಗುತ್ತದೆ. ಆದರೆ ಹೊಸದಾಗಿ ಸೇರಿಸಿದ ಸದಸ್ಯರು ಸಿಂಕ್ ಆಗುವ ತನಕ ಆ ಫೋನಿನಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ತಕ್ಕಡಿ ಎತ್ತುವ ಮೊದಲು ಒಮ್ಮೆ ಸಿಂಕ್ ಒತ್ತುವುದನ್ನು ರೂಢಿ ಮಾಡಿದ್ದೇವೆ.

‘ಇತರೆ’ ಎಂಬ ಆಯ್ಕೆ ಬೇಕೇ? ಬೇಕು. ಇಲ್ಲದಿದ್ದರೆ ಪಟ್ಟಿಗೆ ಸೇರದ ಮಾಲು ಬಂದಾಗ ಜನ ಯಾವುದೋ ಒಂದನ್ನು ಒತ್ತುತ್ತಾರೆ. ಪಕ್ಕದಲ್ಲಿ ವಿವರ ಬರೆಯಲು ಜಾಗ ಕೊಡಿ, ಪಾವತಿಗೆ ಮೊದಲು ಆ ಸಾಲುಗಳನ್ನು ಒಬ್ಬರು ಓದಲೇಬೇಕು.

ಇಷ್ಟೆಲ್ಲ ಬೇಡ ಎನ್ನುವವರು ಗೂಗಲ್ ಶೀಟ್‌ನಲ್ಲೇ ‘ಡೇಟಾ ವ್ಯಾಲಿಡೇಶನ್’ ಬಳಸಿ ಡ್ರಾಪ್‌ಡೌನ್ ಹಾಕಬಹುದು. ಸಣ್ಣ ಸಂಘಕ್ಕೆ ಅಷ್ಟೇ ಸಾಕು.

ಈಗ ನಮ್ಮಲ್ಲಿ ಇನ್ನೊಂದು ಕ್ರಮ ಇದೆ. ಚೀಟಿ ಕೊಡುವ ಮೊದಲು ಹುಡುಗ ಪರದೆ ನೋಡಿ ಗಟ್ಟಿಯಾಗಿ ಓದುತ್ತಾನೆ: ಹೆಸರು, ಊರು, ದರ್ಜೆ, ತೂಕ. ತಂದವರು ‘ಹೌದು’ ಅಂದ ಮೇಲೇ ಸೇವ್. ಆ ಹಿರಿಯರು ಈ ಸಲ ಚಾಲಿ ತಂದಾಗ ಪೂರ್ತಿ ಕೇಳಿಸಿಕೊಂಡು, "ಚಾಲಿ ಅಂತಲೇ ಇದ್ದಲ್ಲ? ಚಾಳಿ ಅಲ್ವಲ್ಲ?" ಎಂದು ನಕ್ಕರು. ನಾಲ್ಕನೇ ದಿನ ಅವರ ಖಾತೆಗೆ ದುಡ್ಡು ಬಿತ್ತು.